ಬೆಟ್ಟಕ್ಕೆ ಹೊರಟ ಊರ್ಮಿಳಮ್ಮನ ಒಲೆ

ಅಂದು ಡೊಂಬಿವಲಿಯ ಊರ್ಮಿಳಮ್ಮನ ಮನೆಯ ನಡುಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಚಿನ ಪಾತ್ರೆ, ಅಕ್ಕಿ, ತುಪ್ಪದ ಡಬ್ಬಿ, ಬಾಳೆಲೆಯ ಸುರುಳಿ. ಎಲ್ಲದರ ನಡುವೆ, ತಲೆಯ ಮೇಲೆ ಬರ್ನರ್ ಹೊತ್ತ ಐದು ಕಿಲೋ ಸಿಲಿಂಡರು. ಅದನ್ನು ತಂದುಕೊಟ್ಟವಳು ಎದುರು ಮನೆಯ ಸುಂದರಿ.

ಊರ್ಮಿಳಮ್ಮನ ಯಜಮಾನರು ಯಜ್ಞೇಶ್ವರ ರಾಯರು ಕಲ್ಯಾಣದಲ್ಲಿ ಹೋಟೆಲು ನಡೆಸುತ್ತಿದ್ದವರು. ಕಾರ್ತಿಕದ ಒಂದು ಸೋಮವಾರ ಮುರಬಾಡದ ಆಚೆಯ ಬೆಟ್ಟ ಹತ್ತಿ, ಅಲ್ಲೇ ಅನ್ನ ಬೇಯಿಸಿ ಶಿವನಿಗೆ ನೈವೇದ್ಯ ಮಾಡುವುದು ಅವರ ನೇಮ. ಅವರು ತೀರಿಹೋಗಿ ವರುಷವಾಯಿತು. ವರ್ಷಾಂತಿಕ ಮುಗಿದ ಮೇಲೆ ಊರ್ಮಿಳಮ್ಮನಿಗೆ ಒಂದೇ ಆಸೆ ಉಳಿಯಿತು: ಆ ನೇಮವನ್ನು ಒಮ್ಮೆ ತನ್ನ ಕೈಯಾರೆ ನಡೆಸಬೇಕು. ಮಗ ಅನೀಶ ಬೇಡವೆಂದ. ಮೊಮ್ಮಗಳು ಸಂಜನಾ ರಜೆ ಸಿಕ್ಕಾಗಲೆಲ್ಲ ಗೆಳೆಯರ ಜೊತೆ ಬೆಟ್ಟ ಹತ್ತುವವಳು. ಗೆಳೆಯರೂ ಬರುತ್ತಾರೆ, ಗುಡಾರವೂ ಇದೆ, ನಾನು ಕರೆದುಕೊಂಡು ಹೋಗುತ್ತೇನೆ ಎಂದಳು.

ಸಿಲಿಂಡರು ನೋಡಿ ಸಂಜನಾ ಸೊಂಟಕ್ಕೆ ಕೈಯಿಟ್ಟಳು.

"ಇದನ್ನು ಯಾರು ಹೊರುವುದು ಅಜ್ಜಿ?"

"ನಿನ್ನ ಅಜ್ಜ ಪಂಪ್ ಸ್ಟೌ ಹೊತ್ತು ಹತ್ತುತ್ತಿರಲಿಲ್ವಾ?"

"ಬಿಟ್ಟಿದ್ರೆ ಅಜ್ಜ ರುಬ್ಬುವ ಕಲ್ಲನ್ನೂ ಹೊರ್ತಿದ್ರು. ನನ್ನಿಂದ ಆಗಲ್ಲ ಬಾಬಾ."

"ಕಲ್ಯಾಣದವರೆಗೆ ಲೋಕಲ್ ಉಂಟಲ್ಲ. ಗೋಣಿಯಲ್ಲಿ ಸುತ್ತಿದ್ರೆ ಯಾರಿಗೆ ಗೊತ್ತಾಗ್ತದೆ?" ಎಂದಳು ಸುಂದರಿ.

"ಆಂಟಿ, ಆ ಜನರ ಗರ್ದಿಯಲ್ಲಿ ಗ್ಯಾಸ್ ಹಿಡ್ಕೊಂಡು ಹತ್ತೋದಾ? ರೈಲಿನಲ್ಲಿ ಗ್ಯಾಸ್ ಒಯ್ಯಲೇಬಾರದು. ನಾವು ಮನೆ ಬಾಗಿಲಿಂದಲೇ ಜೀಪ್ ಮಾಡಿದ್ದೇವೆ."

ಸಂಜನಾ ಅಜ್ಜಿಯನ್ನು ಠಾಣೆಯ ಟ್ರೆಕ್ಕಿಂಗ್ ಸಾಮಾನಿನ ಅಂಗಡಿಗೆ ಕರೆದೊಯ್ದಳು. ಅಂಗಡಿಯವನು ಎರಡು ಒಲೆ ತೆಗೆದಿಟ್ಟ. ಒಂದು ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು, ಗ್ಯಾಸ್ ಡಬ್ಬಿಯ ನೆತ್ತಿಗೇ ತಿರುಗಿಸಿ ಕೂರಿಸುವಂಥದ್ದು. ಇನ್ನೊಂದಕ್ಕೆ ಮೂರು ಕಾಲು. ಅದರ ಡಬ್ಬಿ ಕೊಳವೆಯ ತುದಿಯಲ್ಲಿ ದೂರ ಕೂರುತ್ತದೆ.

"ಹಗುರದ್ದು ಸಾಕಲ್ಲ ಮಗಾ. ನೀನೇ ಹೊರುವವಳು," ಎಂದರು ಊರ್ಮಿಳಮ್ಮ.

"ಒಬ್ಬಳೇ ಚಹಾ ಮಾಡುವುದಾದರೆ ಸಾಕು. ನಿಮ್ಮ ಕಂಚಿನ ಪಾತ್ರೆ ಅದರ ಮೇಲಿಟ್ಟರೆ ಡಬ್ಬಿಯನ್ನೇ ಮುಚ್ಚಿಬಿಡ್ತದೆ. ಬಿಸಿ ಕೆಳಗೆ ಹೊಡೆದು ಡಬ್ಬಿ ಕಾಯ್ತದೆ. ಡಬ್ಬಿ ಕಾದರೆ ಸಿಡಿಯಬಹುದು. ಮತ್ತೆ ನಿಮ್ಮ ಕೈ ಸ್ವಲ್ಪ ನಡುಗ್ತದೆ ಅಜ್ಜಿ. ಎತ್ತರದ ಒಲೆ ಮಗುಚ್ತದೆ."

"ನಡುಗುವುದು ನಿನ್ನನ್ನು ಬೈಯುವಾಗ ಮಾತ್ರ."

ಕೊನೆಗೆ ಮೂರು ಕಾಲಿನದೇ ಆಯಿತು. ಉರಿಯನ್ನು ಸಣ್ಣ ಮಾಡಲು ಬರುತ್ತದೆಯೇ ಎಂದು ಅಜ್ಜಿ ಕೇಳಿದರು. ಅನ್ನ ಬೇಯಿಸುವವರು ಕೇಳಲೇಬೇಕಾದ ಪ್ರಶ್ನೆ ಅದು. ಒಲೆಯ ಬಾಯಿಗೆ ಸರಿಹೊಂದುವ ಡಬ್ಬಿ ಇಲ್ಲಿ ಸಿಗುತ್ತದೆಯೇ ಎಂದು ಸಂಜನಾ ವಿಚಾರಿಸಿದಳು. ಕಂಚಿನ ಪಾತ್ರೆಯ ಬದಲು ಹಗುರವಾದ ಚಿಕ್ಕ ಪಾತ್ರೆಯೊಂದನ್ನೂ ಕೊಂಡರು.

ಸಂಜೆ ಕಟ್ಟಡದ ತಾರಸಿಯಲ್ಲಿ ಪರೀಕ್ಷೆ. ಸಂಜನಾ ಡಬ್ಬಿಯನ್ನು ಜೋಡಿಸಿ, ಜೋಡಣೆಗೆ ಸಾಬೂನಿನ ನೊರೆ ಹಚ್ಚಿದಳು. ಗುಳ್ಳೆ ಏಳಲಿಲ್ಲ. ಆಮೇಲೆಯೇ ಬೆಂಕಿ ಹಚ್ಚಿದ್ದು.

"ಡಬ್ಬಿ ಖಾಲಿಯಾದ್ರೆ ನನಗೆ ಕೊಡು. ಸ್ಟೇಷನ್ ಹತ್ತಿರ ಮನೆ ಸಿಲಿಂಡರಿನಿಂದ ತುಂಬಿಸಿ ಕೊಡ್ತಾರೆ," ಎಂದಳು ನೋಡಲು ಬಂದಿದ್ದ ಸುಂದರಿ.

"ಬೇಡ ಆಂಟಿ. ಇದು ಒಮ್ಮೆ ಬಳಸುವ ಡಬ್ಬಿ. ತುಂಬಿಸಿದರೆ ಬಾಂಬು."

ಊರ್ಮಿಳಮ್ಮನಿಗೆ ಒಲೆ ಮೆಚ್ಚಿಗೆಯಾಯಿತು. "ಗುಡಾರದೊಳಗೆ ಸರಿಯಾಗಿ ಹಿಡಿಸ್ತದೆ," ಎಂದರು.

ಸಂಜನಾ ತಟ್ಟನೆ ಒಲೆ ಆರಿಸಿದಳು. "ಗುಡಾರದೊಳಗೆ ಯಾಕೆ?"

"ಎಂತ ಮಾರಾಯ್ತಿ, ಮಡಿ ಅಡಿಗೆ. ಹತ್ತು ಜನ ಓಡಾಡುವಲ್ಲಿ ನೈವೇದ್ಯ ಬೇಯಿಸ್ಲಿಕ್ಕೆ ಆಗ್ತದಾ? ಒಳಗೆ ಕೂತು ಜಿಪ್ ಎಳೆದುಕೊಳ್ಳುತ್ತೇನೆ."

"ಹಾಗಾದರೆ ನಾನು ನಿಮ್ಮನ್ನು ಕರೆದುಕೊಂಡು ಹೋಗುವುದಿಲ್ಲ."

ಊರ್ಮಿಳಮ್ಮನ ಮುಖ ಬಾಡಿತು. ಒಂದು ವರುಷ ಕಾದ ಆಸೆ. ಇಷ್ಟು ಹತ್ತಿರ ಬಂದು ಹೀಗೆ ಜಾರುತ್ತದೆಯೆಂದು ಅವರು ಎಣಿಸಿರಲಿಲ್ಲ.

ಸಂಜನಾ ಪಕ್ಕದಲ್ಲಿ ಕೂತು ಅವರ ಕೈ ಹಿಡಿದಳು. "ಉರಿಗೂ ಗಾಳಿ ಬೇಕು, ನಮಗೂ ಬೇಕು ಅಜ್ಜಿ. ಗುಡಾರ ಅಂದ್ರೆ ರೇನ್‌ಕೋಟ್ ಇದ್ದ ಹಾಗೆ. ಒಳಗೆ ಒಲೆ ಹಚ್ಚಿದ್ರೆ ವಿಷಗಾಳಿ ತುಂಬ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ತಿರುಗ್ತದೆ, ನಿದ್ದೆ ಬಂದ ಹಾಗೆ ಆಗ್ತದೆ, ಅಷ್ಟೇ. ಬಾಗಿಲು ತೆರೆದಿಟ್ಟರೂ ನಂಬುವ ಹಾಗಿಲ್ಲ."

"ಅಡಿಗೆಮನೆ ಬಾಗಿಲು ಹಾಕಿ ಇಷ್ಟು ವರ್ಷ ಬೇಯಿಸಿದ್ದೇನೆ. ನನಗೇನಾಗಿದೆ?"

ಸಂಜನಾ ಉತ್ತರಿಸುವ ಮೊದಲೇ ಸುಂದರಿ ಮೆಲ್ಲನೆ ಅಂದಳು, "ಊರ್ಮಿಳಕ್ಕ, ನನ್ನ ಮಗ ರಿತೇಶ್ ಬಾತ್‌ರೂಮಿನಲ್ಲಿ ಬಿದ್ದದ್ದು ನೆನಪುಂಟಾ? ಕಿಟಕಿ ಮುಚ್ಚಿ, ಗ್ಯಾಸ್ ಗೀಸರ್ ಹಾಕಿಕೊಂಡಿದ್ದ. ನಾವು ದೃಷ್ಟಿ ಅಂತ ಮೆಣಸು ಸುಟ್ಟೆವು. ಇದೇ ಗಾಳಿ ಅಂತ ಡಾಕ್ಟರು ಹೇಳಿದ್ದು. ಬಾಗಿಲು ಒಡೆಯುವುದು ತಡವಾಗಿದ್ರೆ ಹುಡುಗ ಉಳೀತಿರಲಿಲ್ಲ."

ಊರ್ಮಿಳಮ್ಮ ಸೆರಗಿನ ಅಂಚನ್ನು ಮಡಿಸುತ್ತ ಬಿಡಿಸುತ್ತ ಕೂತರು. ಆಮೇಲೆ ತಲೆಯೆತ್ತಿದರು.

"ನಮ್ಮ ಕಡೆ ಮದುವೆಯ ಅಡಿಗೆ ಹಿತ್ತಲಿನಲ್ಲಿ ತೋಡಿದ ಉದ್ದದ ಕೋಡಿ ಒಲೆಯಲ್ಲಿ ಬೇಯ್ತಿತ್ತು. ಅದಕ್ಕೆ ಬಾಗಿಲು ಎಲ್ಲಿತ್ತು? ಮಡಿ ಏನೂ ಕೆಡಲಿಲ್ಲ. ನನ್ನ ಸುತ್ತ ಒಂದು ಹಗ್ಗ ಹಾಸು. ಅದರೊಳಗೆ ಯಾರೂ ಬರುವುದು ಬೇಡ. ಮೇಲೆ ಆಕಾಶ ಇರಲಿ."

"ಹಗ್ಗ ಏನು, ನಾನೇ ಕಾವಲು ನಿಲ್ತೇನೆ," ಎಂದಳು ಸಂಜನಾ.

ಸೋಮವಾರ ಬೆಟ್ಟದ ಮೇಲೆ, ಊರ್ಮಿಳಮ್ಮ ಝರಿಯಲ್ಲಿ ಮಿಂದು ಒಲೆ ಹೂಡಿದರು. ಗಾಳಿ ಬರುವ ಬದಿಗೆ ಮಾತ್ರ ಒಂದಿಷ್ಟು ಕಲ್ಲು ಅಡ್ಡ ಇಟ್ಟರು. ಡಬ್ಬಿಯನ್ನು ಸುತ್ತಲೂ ಮುಚ್ಚಲಿಲ್ಲ. ಅಕ್ಕಿ ಕುದಿಯತೊಡಗಿತು. ಆಗ ಅಕಾಲದ ಮಳೆ ಬಂತು.

"ಆಜೀ, ಟೆಂಟ್ ಮಧ್ಯೇ ಚಲಾ," ಎಂದು ಸಂಜನಾಳ ಗೆಳೆಯ ಮನೀಷ್ ಗುಡಾರದೊಳಗೆ ಕೂಗಿ ಕರೆದ. ಒಲೆಯನ್ನೂ ಎತ್ತಿಕೊಳ್ಳಲು ಬಂದ.

ಸಂಜನಾ ಅಜ್ಜಿಯನ್ನೇ ನೋಡಿದಳು. ಊರ್ಮಿಳಮ್ಮ ಬೆಳಗಿನಿಂದ ಉಪವಾಸ. ಅನ್ನ ಅರೆಬೆಂದಿತ್ತು, ಆರಿದರೆ ಹದ ಕೆಡುತ್ತದೆ. ಗುಡಾರ ನಾಲ್ಕು ಹೆಜ್ಜೆ ದೂರ. ಅವರು ಕೈ ಚಾಚಿ ಒಲೆಯ ಗುಬುಟು ತಿರುಗಿಸಿದರು. ಉರಿ ಆರಿತು. ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಕೊಡೆ ಹಿಡಿದು ಕೂತರು.

"ನೈವೇದ್ಯ ತಡವಾಗ್ತದಲ್ಲ ಅಜ್ಜಿ," ಎಂದಳು ಸಂಜನಾ.

"ಆಗಲಿ. ಶಿವ ಕಾಯ್ತಾನೆ. ನೀವು ಮಕ್ಕಳು ಇರಬೇಕಲ್ಲ, ಪ್ರಸಾದ ತಿನ್ಲಿಕ್ಕೆ."

ಮಳೆ ನಿಂತ ಮೇಲೆ ಒಲೆ ಮತ್ತೆ ಹೊತ್ತಿತು. ಅನ್ನ ತುಸು ಮುದ್ದೆಯಾಗಿತ್ತು. ಶಿವನಿಗೆ ಬಡಿಸುವಾಗ ಊರ್ಮಿಳಮ್ಮನ ಕಣ್ಣು ತುಂಬಿತು. ಆದರೆ ಕೈ ನಡುಗಲಿಲ್ಲ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬೆಟ್ಟಕ್ಕೆ ಹೊರಡುವ ಮಕ್ಕಳ ಚೀಲವನ್ನು ಒಮ್ಮೆ ಕೂತು ನೋಡಿ. ಒಲೆ ಹಗುರವಾಗಿದ್ದರೆ ಸಾಲದು. ನಿಮ್ಮ ಪಾತ್ರೆಗೆ ತಕ್ಕದ್ದಾಗಿರಲಿ, ನೆಲದ ಮೇಲೆ ಗಟ್ಟಿಯಾಗಿ ನಿಲ್ಲಲಿ. ಮನೆಯ ಹೊರಗೆ, ಬಯಲಿನಲ್ಲಿಟ್ಟು, ಒಮ್ಮೆ ಪರೀಕ್ಷಿಸಿಯೇ ಕಳಿಸಿ. ಬರಿದಾದ ಡಬ್ಬಿಯನ್ನು ಬೆಟ್ಟದಲ್ಲಿ ಬಿಡದೆ ಕೆಳಗೆ ತರಲು ಹೇಳಿ. ಮಳೆ ಬರಲಿ, ಚಳಿ ಇರಲಿ, ಮಡಿಯೇ ಇರಲಿ, ಗುಡಾರದೊಳಗೆ ಒಲೆ ಹಚ್ಚಬೇಡಿ. ಹಸಿವು ಸ್ವಲ್ಪ ಹೊತ್ತು ತಾಳುತ್ತದೆ. ಬೆಟ್ಟಕ್ಕೆ ಹೋದವರಿಗಾಗಿ ಕಾಯುವ ಮನೆ ಹೇಗಿರುತ್ತದೆಂದು ಬಲ್ಲವರ ಮಾತಿದು. ನಿಮ್ಮವರು ನಗುತ್ತ ಇಳಿದು ಬರಲಿ.