ತಲೆಕೆಳಗಾದ ಆನೆ

ಹಸಿರು — ಇಷ್ಟು ಹತ್ತಿರದಿಂದ ನೋಡಿದರೆ ಪಾಚಿಯ ಹಾಗೆ, ಆನೆಯ ಬುಡಕ್ಕೆ ಅಂಟಿಸಿದ ದುಂಡನೆಯ ಬಟ್ಟೆ, ಒಂದು ಅಂಚು ಕಿತ್ತು ಎದ್ದಿದೆ, ಫ್ಯಾನಿನ ಗಾಳಿಗೆ ಅದುರುತ್ತಿದೆ, ನಾನು ಅದನ್ನೇ ಯಾಕೆ ನೋಡುತ್ತಿದ್ದೇನೆ, ನನ್ನ ಕೈ ಯಾಕೆ ಇನ್ನೂ ಚದುರಂಗದ ಮಣೆಯ ಮೇಲೆ ಚಾಚಿಕೊಂಡೇ ಇದೆ, ಕೈಕುಲುಕಲು ಚಾಚಿದ್ದು, ಮೇಟ್ ಅಂದೆನಲ್ಲ, ಗಣಿಯೂರು ಕಿಟ್ವೆಯ ಈ ಶಾಲೆಯ ಹಾಲ್‌ನಲ್ಲಿ ಹಿಂದಿನ ಬೆಂಚಿನವರಿಗೂ ಕೇಳುವ ಹಾಗೆ ಅಂದೆ, ಈಗ ಕಸೂಬ ಕೈ ಕೊಡಬೇಕು, ಸೋತವರು ಕೊಡುತ್ತಾರೆ, ಕೊಡುತ್ತಿಲ್ಲ, ಗಡಿಯಾರ ನಿಲ್ಲಿಸಿದ್ದಾಳೆ, ಅವಳ ಕೈ ಮೇಲಕ್ಕೆ ಹೋಗಿದೆ, ತೀರ್ಪುಗಾರನನ್ನು ಕರೆಯುತ್ತಿದ್ದಾಳೆ — ಇಪ್ಪತ್ತು ವರ್ಷದಿಂದ ನನ್ನನ್ನು ಬತಾತಾ, ಅಪ್ಪಾ, ಅಂತಲೇ ಕರೆದವಳು ನನ್ನ ಮೇಲೆ ದೂರು ಹೇಳಲು ಕೈ ಎತ್ತಿದ್ದಾಳೆ. ಇದು ಕೊನೆಯ ಸುತ್ತು, ಗೆದ್ದವರಿಗೆ ದೇಶದ ತಂಡದಲ್ಲಿ ಉಳಿದಿರುವ ಒಂದೇ ಒಂದು ಜಾಗ, ಅರವತ್ತಮೂರರಲ್ಲಿ ಇನ್ನೊಂದು ಅವಕಾಶ ಯಾರು ಕೊಡುತ್ತಾರೆ, ಮುಂದಿನ ವರ್ಷದಿಂದ ಹಿರಿಯರಿಗೆ ಬೇರೆ ಮೇಜು ಹಾಕುತ್ತೇವೆ ಕಪೆಂಬ್ವಾ ಅವರೇ ಅಂತ ಸಂಘದವರು ನಗುನಗುತ್ತಲೇ ಹೇಳಿದ್ದರು, ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್ ಆದವನಿಗೆ ಮುದುಕರ ಮೇಜು, ಕೈಗೊಂದು ಲೋಟ ಮುಂಕೋಯೊ ಪಾನಕ ಕೊಟ್ಟು ಮೂಲೆಯಲ್ಲಿ ಕೂರಿಸುತ್ತಾರೆ, ಅದಕ್ಕೇ ಇವತ್ತು ಗೆಲ್ಲಲೇಬೇಕಿತ್ತು, ಗೆದ್ದೆನಲ್ಲ, ಗೆದ್ದೆ ಅಂತಲೇ ಕೈ ಚಾಚಿದೆ.

ಏನು ತಪ್ಪು ಮಾಡಿದೆ, ಹಿಂದಕ್ಕೆ ಹೋಗಿ ನೋಡೋಣ, ಗಡಿಯಾರದಲ್ಲಿ ಹದಿನೈದು ಸೆಕೆಂಡು, ನನ್ನ ಕಾಲಾಳು ಕೊನೆಯ ಮನೆ ಮುಟ್ಟಿತು, ರಾಣಿಯಾಗಬೇಕು, ಅವಳು ಹೊಡೆದಿಟ್ಟ ನನ್ನ ಬಿಳಿ ರಾಣಿ ಅವಳ ನೀರಿನ ಬಾಟಲಿಯ ಹಿಂದೆ ಸಿಕ್ಕಿಕೊಂಡಿತ್ತು, ಗಡಿಯಾರ ನಿಲ್ಲಿಸಿ ರಾಣಿ ಕೊಡಿ ಅಂತ ಕೇಳಬಹುದಿತ್ತು, ನಿಯಮ ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ, ಕೈ ಹೊರಗೆ ಬಿದ್ದಿದ್ದ ಆನೆಯನ್ನು ಎತ್ತಿ, ತಿರುಗಿಸಿ, ತಲೆಕೆಳಗಾಗಿ ಮೂಲೆಮನೆಯಲ್ಲಿ ಕುಕ್ಕಿತು, ಗಡಿಯಾರ ಒತ್ತಿತು. ನಲವತ್ತು ವರ್ಷದಿಂದ ಈ ಕೈ ಹಾಗೆಯೇ ಮಾಡಿದೆ. ಗಣಿಯ ಕಾಲೊನಿಯಲ್ಲಿ ಇಡೀ ಬೀದಿಗೆ ಇದ್ದದ್ದು ಒಂದೇ ಪೆಟ್ಟಿಗೆ, ಅದರ ಬಿಳಿ ರಾಣಿಯನ್ನು ಚಿಸಾಂಗನ ನಾಯಿ ಕಚ್ಚಿಕೊಂಡು ಹೋಗಿತ್ತು, ಚಿಸಾಂಗ ನನ್ನ ಗೆಳೆಯ, ಕಸೂಬಳ ಅಪ್ಪ, ಗಣಿಯೊಳಗೆ ರೈಲುಬಂಡಿ ಓಡಿಸುತ್ತಿದ್ದವನು, ತಗೋ ಮಾರಾಯ, ಆನೇನ ತಲೆಕೆಳಗೆ ಮಾಡು, ನಿಂಗದೇ ರಾಣಿ, ಅಂದಿದ್ದ, ಅವತ್ತಿನಿಂದ ನಮ್ಮ ಬೀದಿಯಲ್ಲಿ ತಲೆಕೆಳಗಾದ ಆನೆ ರಾಣಿ, ಅದನ್ನು ಯಾರೂ ಪ್ರಶ್ನಿಸಿದ್ದಿಲ್ಲ, ಅವನ ಜಗಲಿಯಲ್ಲಿ ಜೋಳದ ಹಿಟ್ಟಿನ ಚೀಲದ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತ ಕಸೂಬ ಆಟ ಕಲಿತದ್ದೂ ಅದೇ ಆನೆಯಿಂದ. ಈಗ ಮೂಲೆಯಲ್ಲಿ ಅವಳು ಅದನ್ನು ಕಂಡಳು, ಆಮೇಲೆ ತನ್ನ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದಳು, ಅಯ್ಯೋ ಪಾಪ, ಓರೆಯಲ್ಲಿ ಮೇಟ್ ಇದೆ, ಅವಸರಕ್ಕೆ ಗಮನಿಸಲಿಲ್ಲ ಹುಡುಗಿ ಅಂದುಕೊಂಡೆ, ನಿಜಕ್ಕೂ ಮರುಗಿದೆ, ಮರುಗುತ್ತಲೇ ಮೂಲೆಯಿಂದ ಓರೆಯಾಗಿ ಎಳೆದೆ, ಮೇಟ್ ಅಂದೆ. ಅವಳು ಗಮನಿಸಿದ್ದಳು.

ತೀರ್ಪುಗಾರ ಲುಂಗು ಬಂದ, ಬೂಟು ಕಿರುಗುಟ್ಟುತ್ತ, ನಮ್ಮಲ್ಲಿ ಹಿರಿಯರನ್ನು ಕರೆಯುವ ಹಾಗೆ ಮುದಾಲ ಅಂತಲೇ ಕರೆದ, ಮುದಾಲ, ಇದೇನು ಅಂದ, ರಾಣಿ ಅಂದೆ, ನಂಗೆ ಆನೆ ಕಾಣಿಸ್ತಿದೆಯಲ್ಲ ಅಂದ, ತಲೆಕೆಳಗಿದೆ ನೋಡಪ್ಪ ಅಂದೆ, ತಲೆಕೆಳಗಿದ್ರೂ ಆನೆ ಆನೇನೇ, ಪುಸ್ತಕದಲ್ಲಿ ಹಾಗೇ ಇದೆ, ಆನೆ ಓರೆ ನಡೆಯಲ್ಲ, ನಡೆ ತಪ್ಪು, ಅಂದ, ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ನಾನು ಅವಳ ಕಡೆ ತಿರುಗಿದೆ, ಹೇಳು ಮಗಳೇ, ನಿಮ್ಮಪ್ಪನ ಜಗಲೀಲಿ ಇದು ಏನಾಗಿತ್ತು. ರಾಣಿ ಆಗಿತ್ತು ಬತಾತಾ, ಅಂದಳು, ಆದ್ರೆ ಇದು ನಮ್ಮಪ್ಪನ ಜಗಲಿ ಅಲ್ಲ. ಇದು ಯಾರ ಮಾತು, ನನ್ನದೇ, ಆಗ ಅವಳಿಗೆ ಒಂಬತ್ತು ವರ್ಷ, ಕಾಲೊನಿಯ ಮಕ್ಕಳ ಪಂದ್ಯದ ಫೈನಲ್, ಕುದುರೆ ನಡೆಸಬೇಕಾದವಳು ಮರೆತು ರಾಜನನ್ನು ಹಿಡಿದುಬಿಟ್ಟಳು, ತಕ್ಷಣ ಬಿಟ್ಟಳು, ನಾನು ತೀರ್ಪುಗಾರ, ಮುಟ್ಟಿದ್ದನ್ನೇ ನಡೆಸು ಅಂದೆ, ಬಿಡೋ ಮಾರಾಯ ಮಗು ಅದು ಅಂತ ಚಿಸಾಂಗ ಅಂಗಲಾಚಿದ, ಇದು ನಿನ್ನ ಜಗಲಿ ಅಲ್ಲ ಅಂದಿದ್ದೆ ಅವನಿಗೆ, ಎಲ್ಲರ ಎದುರಿಗೆ, ರಾಜನನ್ನು ನಡೆಸಿ ಸೋತಳು, ಗೊಣ್ಣೆ ಒರೆಸಿಕೊಳ್ಳುತ್ತ ನನ್ನ ಕೈಕುಲುಕಿದಳು, ನೆಟ್ಟಗೆ ಬೆಳೀತಾಳೆ ನೋಡ್ತಿರು ಅಂತ ಆಮೇಲೆ ನಾನೇ ಬೀಗಿದ್ದೆ — ಬೆಳೆದಿದ್ದಾಳೆ, ಇಲ್ಲೇ ಎದುರಿಗೆ ಕೂತಿದ್ದಾಳೆ.

ಲುಂಗು ಆನೆಯನ್ನು ಮೂಲೆಗೆ ವಾಪಸು ಇಟ್ಟಿದ್ದಾನೆ, ನಾನು ಇಟ್ಟಿದ್ದ ಹಾಗೆಯೇ, ಬುಡ ಮೇಲೆ, ನನ್ನ ತಪ್ಪು ನಡೆಗೆ ದಂಡವಾಗಿ ಅವಳಿಗೆ ಎರಡು ನಿಮಿಷ ಹೆಚ್ಚಿಗೆ ಕೊಟ್ಟಿದ್ದಾನೆ, ಮುಟ್ಟಿದ್ದನ್ನೇ ನಡೆಸ್ಬೇಕು ಮುದಾಲ, ಆನೇನೇ, ನೇರಕ್ಕೆ, ಅಂದು ನನ್ನ ಗಡಿಯಾರ ಚಾಲೂ ಮಾಡಿದ, ಒಂಬತ್ತು, ಎಂಟು, ಅವಳ ಕರಿ ಕಾಲಾಳು ಇನ್ನೊಂದು ಮನೆ ನಡೆದರೆ ರಾಣಿ, ನನ್ನ ಆನೆ ನೇರ ಎಲ್ಲಿಗೆ ಹೋದರೂ ಅದನ್ನು ತಡೆಯಲಾರದು, ಓರೆ ಹೋಗಿದ್ದರೆ ಸಾಕಿತ್ತು, ಆರು, ಬಾಟಲಿಯ ಹಿಂದೆ ನನ್ನ ರಾಣಿ ನೆಟ್ಟಗೆ ನಿಂತಿದೆ, ಈಗ ಕಾಣಿಸುತ್ತಿದೆ, ಕಸೂಬ ಅಳುತ್ತಿದ್ದಾಳೆ, ಸದ್ದಿಲ್ಲದೆ, ಆದರೂ ಹೇಳಿದ ದೂರನ್ನು ಹಿಂದೆ ತೆಗೆದುಕೊಳ್ಳುತ್ತಿಲ್ಲ, ನನಗೆ ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ, ಕೈ ಎತ್ತು ಕಪೆಂಬ್ವಾ, ಆಡು, ಸೋತರೂ ಆಡಿ ಸೋಲು, ಅವಳಿಗೆ ಹಾಗೇ ಕಲಿಸಿದವನು ನೀನು, ನಾಲ್ಕು, ಕೈ ಹೋಗುತ್ತದೆ, ಹಿಡಿಯುವುದಕ್ಕೆ ಅಲ್ಲಿ ತಲೆಯೇ ಇಲ್ಲ, ಮೂರು, ಬೆರಳಿಗೆ ಮೆತ್ತಗೆ ತಾಗುತ್ತಿದೆ, ದುಂಡಗೆ, ಅಂಚು ಕಿತ್ತದ್ದು, ಅದುರುತ್ತಿರುವುದು, ಹಸಿರು —