ಇಳಿಯುತ್ತಿದ್ದ ಅಂಕಿ

ನನಗೆ ಬಾಯಿ ಜಾಸ್ತಿ ಅಂತ ಅಮ್ಮ ಯಾವಾಗಲೂ ಬೈಯುತ್ತಿದ್ದಳು. ಆಸ್ಪತ್ರೆಯಲ್ಲಿ ಒಂದು ದಿನ ಆ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಸಾಕಿತ್ತು.

ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಎರಡನೇ ಮಹಡಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಕಾಲ್ಬೆರಳು ಮಾತ್ರ ಚೂರು ಅಲ್ಲಾಡುತ್ತಿತ್ತು. ಒಳಗಿನ ಉರಿಯೂತ ಇಳಿದರೆ ಸರಿ, ಏರಿದರೆ ತಕ್ಷಣ ಆಪರೇಷನ್, ತಡವಾದರೆ ಆ ಬೆರಳೂ ಹೋಗುತ್ತದೆ ಎಂದರು ಡಾಕ್ಟರು. ಏರಿತೋ ಇಳಿಯಿತೋ ಹೇಳುವುದು ಬೆನ್ನುಹುರಿಯ ಸುತ್ತಲಿನ ನೀರಿಗೆ ಇಳಿಬಿಡುವ ಕೂದಲಷ್ಟು ಸಣ್ಣ ಸೆನ್ಸರ್ ತಂತಿ. ಅದನ್ನು ತಯಾರಿಸುವ ಲ್ಯಾಬಿನಲ್ಲಿ ಅದಕ್ಕೆ ಲೇಪ ಹಚ್ಚುವವಳು ನಾನೇ, ಹನ್ನೊಂದು ವರ್ಷದಿಂದ.

ಮೊದಲ ದಿನ ಉರಿಯೂತದ ಅಂಕಿ ತೊಂಬತ್ತು. ಆಮೇಲೆ ಎಪ್ಪತ್ತೊಂದು. ಮೂರನೇ ದಿನ ಐವತ್ತು. ಬೆಳಗಾದರೆ ತಮ್ಮನದು ಒಂದೇ ಪ್ರಶ್ನೆ, "ಅಕ್ಕಾ, ಇವತ್ತೆಷ್ಟು?"

"ಮಾರ್ಕ್ಸ್ ಕಮ್ಮಿ ಬಂದ್ರೆ ಹಲ್ಲು ಕಿಸಿಯೋನು ನೀನೊಬ್ಬನೇ ಕಣೋ," ಎಂದು ರೇಗಿಸಿದೆ.

ಮೂರು ದಿನಕ್ಕೊಮ್ಮೆ ತಂತಿ ಬದಲಿಸಬೇಕು. ಮೈಯ ಅಂಟು ಕೂತರೆ ತಂತಿ ಕುರುಡಾಗುತ್ತದೆ, ಅಂಕಿ ಸುಮ್ಮನೆ ಇಳಿಯುತ್ತದೆ, ನಂಬಬೇಡಿ ಎಂದು ಕೆಲಸಕ್ಕೆ ಬಂದ ಹೊಸಬರಿಗೆಲ್ಲ ಪಾಠ ಹೇಳುವವಳೂ ನಾನೇ. ಆದರೆ ನರ್ಸ್ ಹೊಸ ತಂತಿ ತಂದಾಗ, "ಚೆನ್ನಾಗಿ ಇಳೀತಿದೆಯಲ್ಲ, ಯಾಕ್ರೀ ಕೆದಕ್ತೀರಿ? ಇದನ್ನ ಮಾಡಿದೋಳು ನಾನು," ಎಂದೆ. ಮಾಡಿದವರೇ ಹೇಳುತ್ತಿದ್ದಾರೆ ಎಂದು ಡಾಕ್ಟರೂ ಒಪ್ಪಿದರು. ಹಗಲು ಕಂಡ ಬಾವಿಗೆ ಹಗಲೇ ಬಿದ್ದೆ.

ಆರನೇ ದಿನ ಹನ್ನೆರಡು. ಅಮ್ಮ ಬಂಧುಬಳಗಕ್ಕೆಲ್ಲ ಫೋನ್ ಮಾಡಿದಳು. ಅದೇ ಮಧ್ಯಾಹ್ನ ತಮ್ಮ, "ಅಕ್ಕಾ, ಕಾಲ ಮೇಲೆ ಹೊದಿಕೆ ಇದೆಯಾ?" ಎಂದ.

ಇತ್ತು. ಓಡಿಹೋಗಿ ಹೊಸ ತಂತಿ ಹಾಕಿಸಿದೆ. ನೂರ ನಲವತ್ತು.

ಆಪರೇಷನ್ ಆಯಿತು. "ಮೂರು ದಿನ ಮುಂಚೆ..." ಎಂದು ಶುರು ಮಾಡಿದ ಡಾಕ್ಟರು ನನ್ನ ಮುಖ ನೋಡಿ ನಿಲ್ಲಿಸಿದರು.

ಎರಡು ತಿಂಗಳಾಯಿತು. ಆ ಬೆರಳು ಇನ್ನು ಅಲ್ಲಾಡುವುದಿಲ್ಲ. "ನಿನ್ನ ತಂತಿ ಇದ್ದಿದ್ದಕ್ಕೆ ಜೀವ ಆದರೂ ಉಳೀತು," ಎಂದು ಅಮ್ಮ ನನ್ನ ತಲೆ ಸವರುತ್ತಾಳೆ. ಆ ಕೈ ತಾಗಿದರೆ ನನಗೆ ಸತ್ತುಹೋಗೋಣ ಅನ್ನಿಸುತ್ತದೆ.

ನಿನ್ನೆ ತಮ್ಮನ ಹತ್ತಿರ ಎಲ್ಲಾ ಹೇಳಿಬಿಟ್ಟೆ. ಅವನು ಫ್ಯಾನ್ ನೋಡುತ್ತಲೇ ಹೇಳಿದ.

"ಅಮ್ಮಂಗೆ ಹೇಳ್ಬೇಡ. ಅವಳಿಗೆ ನೀನಾದ್ರೂ ಇರಬೇಕು."

ಆಮೇಲೆ ನನ್ನ ಮುಖ ನೋಡಲಾರದೆ ಗೋಡೆ ಕಡೆ ತಿರುಗಲು ಹೋದ. ಆಗಲಿಲ್ಲ. ನಾನೇ ಹಿಡಿದು ತಿರುಗಿಸಿ ಮಲಗಿಸಿದೆ.