ಕರಿ ಕಾರಿಗೆ ನೀರೆರೆದ ದಿನ

ನಮ್ಮ ಮನೆಯ ಕರಿ ಕಾರಿನ ಮೇಲೆ ಬೆರಳ ಗುರುತು ಬಿದ್ದದ್ದನ್ನು ಚಿಕ್ಕಂದಿನಲ್ಲಿ ನಾನು ಕಂಡೇ ಇರಲಿಲ್ಲ. ಯಾರಾದರೂ ಹತ್ತಿರ ಬಂದರೆ ಸಾಕು, ಅಡುಗೆಮನೆಯ ಕಿಟಕಿಯಿಂದ ಅಜ್ಜಿ "ಕೈ ಹಿಂದಕ್ಕೆ" ಎನ್ನುತ್ತಿದ್ದಳು. ನೆಂಟರು, ಅಂಚೆಯವನು, ಅದರ ಬಾಗಿಲಲ್ಲಿ ಮುಖ ನೋಡಿಕೊಂಡು ಮೀಸೆ ತೀಡಲು ಬಗ್ಗಿದ ಚಿಕ್ಕಪ್ಪ, ಎಲ್ಲರೂ ಆ ಒಂದು ಮಾತಿಗೆ ಕೈ ಬೆನ್ನಿಗೆ ಕಟ್ಟಿ ನಿಲ್ಲುತ್ತಿದ್ದರು. ಮೇಲೆ ಕಾಗೆ ಹಾರಿದರೆ ಕಾರಿನ ಕಪ್ಪಿನೊಳಗೂ ಒಂದು ಕಾಗೆ ಹಾರುತ್ತಿತ್ತು. ಒಳಗಿನ ಕಾಗೆಯೇ ಹೆಚ್ಚು ದೂರ ಹೋಗುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ.

ಅದು ತಾತ ಕೊಂಡ ಕಾರು. ಊರಿಗೆಲ್ಲ ಅದು ಮದುವೆ ಕಾರು. ತಾಳಿ ಕಟ್ಟಿಸಿಕೊಂಡ ಹೆಣ್ಣು ಗಂಡನ ಮನೆಗೆ ಹೊರಡುತ್ತಿದ್ದುದು ಅದರಲ್ಲಿ. ಹತ್ತುವ ಮುಂಚೆ ಅವಳು ಹಿಂದಿನ ಬಾಗಿಲ ಮುಂದೆ ನಿಂತು, ಆ ಕಪ್ಪಿನಲ್ಲಿ ತನ್ನ ಮುಖ ನೋಡಿಕೊಳ್ಳಬೇಕು. ಮುಖ ಕದಡದೆ ಕಂಡರೆ ಸಂಸಾರವೂ ತಿಳಿಯಾಗಿರುತ್ತದೆ ಎಂಬುದು ನಮ್ಮೂರಿನ ನಂಬಿಕೆ. ಅದನ್ನು ಯಾರು ಶುರು ಮಾಡಿದರೋ ತಿಳಿಯದು. ತಾತ ಹೋದ ಮೇಲೆ ಕಾರು ಓಡಿಸುವುದು ಅಪ್ಪನ ಪಾಲಿಗೆ ಬಂತು. ತೊಳೆಯುವುದು ಮಾತ್ರ ಮೊದಲಿನಂತೆಯೇ ಅಜ್ಜಿ ಚೆನ್ನಾಜಮ್ಮನ ಕೆಲಸ.

ಅವಳು ತೊಳೆಯುತ್ತಿದ್ದುದು ಬೆಳಕು ಹರಿಯುವ ಮುಂಚೆ, ಹಿತ್ತಲಲ್ಲಿ, ದೊಡ್ಡ ಬಾಗಿಲಿಗೆ ಅಗುಳಿ ಹಾಕಿ. ನನ್ನ ಕೈಗೆ ತಂಬಿಗೆ ಕೊಟ್ಟು ಎದುರು ನಿಲ್ಲಿಸಿಕೊಳ್ಳುತ್ತಿದ್ದಳು. ಮೊದಲು ಬಟ್ಟೆ ಸೋಕಿಸುವಂತಿಲ್ಲ. ನೆತ್ತಿಯಿಂದ ನೀರು ಇಳಿಯಬಿಟ್ಟು ಧೂಳು ತಾನಾಗಿ ಜಾರಿಹೋಗಬೇಕು. "ಧೂಳು ಅಂದ್ರೆ ಸಣ್ಣ ಮರಳು ಕಣೆ. ಅದರ ಮೇಲೆ ಬಟ್ಟೆ ಆಡಿಸಿದ್ರೆ ಮೈಯೆಲ್ಲ ಗೀರು." ಒಂದು ಬಕೆಟ್ಟಿನಲ್ಲಿ ಅಂಟುವಾಳಕಾಯಿಯ ನೊರೆ, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿಯೇ ಮತ್ತೆ ನೊರೆಗೆ ಅದ್ದಬೇಕು. ಬಟ್ಟೆ ಎಂದರೆ ಅವಳದೇ ಹಳೆಯ ಸೀರೆ, ಒಗೆದೊಗೆದು ಬೆಣ್ಣೆಯಂತಾದದ್ದು. ಕೈ ಮೇಲಿನಿಂದ ಕೆಳಕ್ಕೆ ನೇರ ಬರಬೇಕು, ಸುತ್ತು ಹೊಡೆಯಬಾರದು. ಕೈತಪ್ಪಿ ನೆಲಕ್ಕೆ ಬಿದ್ದ ಬಟ್ಟೆ ಆ ಕ್ಷಣದಿಂದ ಚಕ್ರದ ಪಾಲು. ಅದು ಮತ್ತೆ ಮೈಮೇಲೆ ಬರುವಂತಿರಲಿಲ್ಲ.

ಕೈ ಆಡುತ್ತಿದ್ದಷ್ಟು ಹೊತ್ತೂ ಬಾಯಲ್ಲಿ ಕತೆ. ಇರುಳಿನ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬ ರಾಜಕುಮಾರಿಯ ಕತೆ. ಅವಳ ಮೈ ಎಷ್ಟು ಕಪ್ಪೆಂದರೆ ಮಿಂದು ಬಂದ ನಕ್ಷತ್ರಗಳು ಅಲ್ಲೇ ತಲೆ ಬಾಚಿಕೊಳ್ಳುತ್ತಿದ್ದವು. ಸೂರ್ಯನಿಗೆ ಅವಳ ಮೇಲೆ ಆಸೆ. ಒದ್ದೆ ಮೈಯಲ್ಲಿ ಅವಳು ಅವನ ಕಣ್ಣಿಗೆ ಬಿದ್ದರೆ ಮುತ್ತಿಟ್ಟುಬಿಡುವನು. ಇಟ್ಟಲ್ಲೆಲ್ಲ ಬಿಳಿ ಕಲೆ ಉಳಿಯುವುದು. "ಅದಕ್ಕೇ ಅವನು ಏಳೋದರೊಳಗೆ ನೀರೆರೆದು ಒರೆಸಿಬಿಡಬೇಕು" ಎಂದು ಅಜ್ಜಿ ಕೊನೆಯ ಹನಿಯನ್ನು ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆಯುತ್ತಿದ್ದಳು. ಒಮ್ಮೆ ನಾನು ಹಟ ಹಿಡಿದು ಬಿಸಿಲಿನಲ್ಲಿ ಬಾನೆಟ್ಟಿಗೆ ನೀರು ಚಿಮುಕಿಸಿ ನೋಡಿದ್ದೆ. ನಿಜವಾಗಿಯೂ ಬಿಳಿ ಕಲೆಗಳಾದವು. ಅಂದಿನಿಂದ ಅಜ್ಜಿಯ ಕತೆಗಳಲ್ಲಿ ಒಂದನ್ನೂ ನಾನು ಸಂಶಯಿಸಲಿಲ್ಲ.

ನನಗೆ ಮದುವೆಯ ಮಾತು ಬರತೊಡಗಿದ್ದ ವರ್ಷ, ಬಟ್ಟೆ ಅಂಗಡಿಯ ಷಣ್ಮುಖಪ್ಪನವರ ಮಗಳು ವನಮಾಲಳ ಮದುವೆ ಗೊತ್ತಾಯಿತು. ಅವಳು ನನ್ನ ಜೊತೆ ಓದಿದವಳು. ಮದುವೆಗೆ ಎರಡು ದಿನವಿದೆ ಎನ್ನುವಾಗ ಅವಳ ಸೋದರತ್ತೆ ಪುಟ್ಟಗೌರಮ್ಮ ನಮ್ಮ ಮನೆಗೆ ಬಂದರು. ಕಾಫಿ ಮುಟ್ಟಲಿಲ್ಲ.

"ಗಂಗಾಧರ, ಕಾರು ತೊಳೆಯೋದು ಯಾರಪ್ಪ?" ಎಂದು ಅಪ್ಪನನ್ನು ಕೇಳಿದರು.

"ನಾನೇ ಅಕ್ಕ" ಎಂದ ಅಪ್ಪ. ಅವನು ಸುಳ್ಳು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹಾಲಿನವಳು ಬಾಗಿಲ ಸಂದೀಲಿ ನೋಡಿದಾಳೆ. ನಿಮ್ಮಮ್ಮ ಅಂತೆ. ನೋಡು, ನಿಷ್ಠೂರ ಅನ್ಕೋಬೇಡ. ಹುಡುಗಿ ಮುಖ ನೋಡ್ಕೊಳ್ಳೋ ಬಾಗಿಲು ಅದು. ಗಂಡ ಇಲ್ಲದೋರು ಮುಟ್ಟಿದ್ದರಲ್ಲಿ ಮುಖ ನೋಡ್ಕೊಂಡು ನಮ್ಮ ಮಗು ಹೊರಡಬೇಕಾ? ನಾಳೆ ನಮ್ಮ ಆಳನ್ನ ಕಳಿಸ್ತೀನಿ, ಅವನು ಶುದ್ಧ ಮಾಡ್ತಾನೆ. ಆಮೇಲೆ ಅವರು ಹತ್ತಿರ ಬರದ ಹಾಗೆ ನೋಡ್ಕೊ."

ಅಪ್ಪ ತಲೆಯಾಡಿಸಿದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಗಿತ್ತು. ನಾನು ಒಳಗೆ ಹೋದಾಗ ಅಜ್ಜಿ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದಳು.

"ಹಾಗಾದ್ರೆ ಸೂರ್ಯನ ಕತೆ?" ಎಂದೆ.

"ಅದೂ ನಿಜಾನೇ ಕಣೆ" ಎಂದಳು. "ಬಿಸಿಲಲ್ಲಿ ಕಲೆ ಆಗೋದನ್ನ ನೀನೇ ನೋಡಿದೀಯಲ್ಲ. ನಿಮ್ಮ ತಾತ ಇದ್ದಾಗ ಎಂಟು ಗಂಟೆಗೆ ಬೀದೀಲಿರೋ ಆ ಹೊಂಗೆ ಮರದ ಕೆಳಗೆ ತೊಳೀತಿದ್ದೆ. ನೆರಳಿದ್ರೆ ಸಾಕು ಅದಕ್ಕೆ. ಅವರು ಹೋದ ಮೇಲೆ ಹಿತ್ತಲಿಗೆ ಬಂದೆ. ಅಗುಳಿ ಹಾಕ್ಕೊಂಡು ಮಾಡೋದಕ್ಕೆ ಒಂದು ಕತೆ ಬೇಕಾಗಿತ್ತು."

ನಕ್ಷತ್ರಗಳನ್ನು ಅಷ್ಟು ಹತ್ತಿರದಿಂದ ತೋರಿಸಿಕೊಟ್ಟ ಕೈ, ಯಾರ ಕಣ್ಣಿಗೂ ಬೀಳಬಾರದ ಕೈಯೂ ಆಗಿತ್ತು. ಅಷ್ಟು ವರ್ಷ ಅದರ ಎದುರೇ ತಂಬಿಗೆ ಹಿಡಿದು ನಿಂತಿದ್ದರೂ ನನಗದು ತಿಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿಯ ಆಳು ಹಾಲಪ್ಪ ಬಂದು ಅಪ್ಪನಿಗೆ ಹೇಳಿ ನೇರ ಹಿತ್ತಲಿಗೆ ಹೋದ. ನಾನು ಜಗಲಿಯಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಒಂದು ಸದ್ದು ಕೇಳಿತು. ಕರ, ಕರ, ಕರ. ಎದ್ದು ಓಡಿದೆ. ಹಾಲಪ್ಪ ಹುಣಸೆಹಣ್ಣು, ಉಪ್ಪು, ಒಲೆಯ ಬೂದಿ ಕಲಸಿಕೊಂಡು, ತೆಂಗಿನ ನಾರಿನಿಂದ ಡಿಕ್ಕಿಯ ಮೇಲೆ ಸುತ್ತಿಸುತ್ತಿ ಉಜ್ಜುತ್ತಿದ್ದ.

"ಏನ್ ಮಾಡ್ತಿದೀಯ?"

"ಅಮ್ಮಾವ್ರು ಹೇಳಿದ್ರು ಕಣವ್ವ. ದೇವರ ಮನೆ ತಂಬಿಗೆ ಉಜ್ಜೋ ಹಾಗೆ ಉಜ್ಜು, ಮೈಲಿಗೆ ಹೋಗಬೇಕು ಅಂದ್ರು." ಅವನ ಮುಖದಲ್ಲಿ ಕಪಟವಿರಲಿಲ್ಲ. "ತಾಮ್ರ ಆಗಿದ್ರೆ ಇಷ್ಟೊತ್ತಿಗೆ ಫಳಫಳ ಅಂದಿರೋದು. ಇದ್ಯಾಕೋ ಮಂಕಾಗ್ತಾ ಐತೆ."

ನಾನು ಅವನ ಕೈಯಿಂದ ನಾರು ಕಿತ್ತುಕೊಂಡೆ. ಡಿಕ್ಕಿಯ ಮೇಲೆ ತಟ್ಟೆಯಗಲ ಬೂದುಬಣ್ಣದ ಸುಳಿಗಳು ಮೂಡಿದ್ದವು. ಹಿಂದಿನಿಂದ ಅಜ್ಜಿ ಬಂದಳು, ಅವಳ ಬೆನ್ನಿಗೆ ಅಪ್ಪ. ತಂಬಿಗೆಯ ನೀರು ಸುರಿದು ಬಗ್ಗಿ ನೋಡಿದಳು.

"ಹೋಗುತ್ತಾ ಅಜ್ಜಿ?"

"ಕೊಳೆಯಾಗಿದ್ರೆ ಹೋಗೋದು. ಇದು ಬಣ್ಣಾನೇ ತರಚಿದೆ." ಅವಳು ನೆಟ್ಟಗಾದಳು. "ಹಾಲಪ್ಪ, ನೀನು ಮನೆಗೆ ಹೋಗಪ್ಪ. ನಿನ್ನ ತಪ್ಪಿಲ್ಲ. ಗಂಗಾಧರ, ಕಾರನ್ನ ಮುಂದಕ್ಕೆ ತಗೊಂಡು ಬಾ. ಹೊಂಗೆ ಮರದ ಕೆಳಗೆ ನಿಲ್ಲಿಸು."

ಅಪ್ಪ ಅಲ್ಲಾಡಲಿಲ್ಲ. "ಬೀದಿಯಲ್ಲಾ? ಬೇಡಮ್ಮ. ಊರು ನೋಡುತ್ತೆ. ಇನ್ನು ಯಾರೂ ಮದುವೆಗೆ ಕರೆಯಲ್ಲ."

"ಕರೀದಿದ್ರೆ ನಾವೇ ಕೂತು ಓಡಾಡೋಣ. ನಿಮ್ಮಪ್ಪ ಹೋದ ಮೇಲೆ ನಾನು ಅದರಲ್ಲಿ ಕೂತೇ ಇಲ್ಲ, ಗೊತ್ತಾ?"

ಅಪ್ಪ ಒಮ್ಮೆ ತನ್ನ ಕೈಯನ್ನು ನೋಡಿಕೊಂಡ. ಆಮೇಲೆ ಕೀಲಿ ತರಲು ಒಳಗೆ ಹೋದ.

ಬಕೆಟ್ಟುಗಳನ್ನು ನಾನು ಹೊತ್ತೆ. ಹೊಂಗೆಯ ನೆರಳು ಕಾರಿನ ಮೇಲೆ ತುಂಬಿ ಬಿದ್ದಿತ್ತು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆತ್ತಿಯಿಂದ ನೀರು ಇಳಿಯಬಿಟ್ಟಳು. ಎದುರಿನ ಕ್ಷೌರದಂಗಡಿಯಲ್ಲಿ ಕತ್ತರಿಯ ಸದ್ದು ನಿಂತಿತು. ಅರ್ಧ ಗಡ್ಡಕ್ಕೆ ನೊರೆ ಹಚ್ಚಿಕೊಂಡವನೊಬ್ಬ ಬಾಗಿಲಿಗೆ ಬಂದು, "ಅಜ್ಜೀ, ನನ್ನ ಸೈಕಲ್ಲೂ ಒಂದಿದೆ" ಎಂದ.

"ತಗೊಂಡ್ ಬಾರೋ. ಅದರಲ್ಲಿ ಬಣ್ಣ ಯಾವುದು, ತುಕ್ಕು ಯಾವುದು ಅಂತ ನೀನೇ ತೋರಿಸ್ಬೇಕು."

ಜನ ನಕ್ಕರು. ನಗು ಮುಗಿಯುವುದರೊಳಗೆ ಪುಟ್ಟಗೌರಮ್ಮ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ಹಾಲಪ್ಪ ಹೋಗಿ ಹೇಳಿರಬೇಕು.

"ಚೆನ್ನಾಜಮ್ಮನೋರೆ, ವಯಸ್ಸಾದೋರು ನೀವು. ಇದೇನು ಬೀದಿ ನಾಟಕ?"

"ಕಾರು ತೊಳೀತಿದೀನಿ ಗೌರಿ. ನಿನ್ನ ಮದುವೆಗೂ ತೊಳೆದಿದ್ದೆ." ಅಜ್ಜಿಯ ಕೈ ನಿಲ್ಲಲಿಲ್ಲ, ಮೇಲಿನಿಂದ ಕೆಳಕ್ಕೆ ನೇರ ಇಳಿಯುತ್ತಿತ್ತು. "ಆವಾಗ ನಮ್ಮವರು ಹೋಗಿ ವರ್ಷ ಕಳೆದಿತ್ತು. ನೀನು ಈ ಬಾಗಿಲಲ್ಲೇ ಮುಖ ನೋಡ್ಕೊಂಡೆ. ಚೆನ್ನಾಗಿ ಕಾಣ್ತು ಅಂತ ನಕ್ಕಿದ್ದೂ ಜ್ಞಾಪಕ ಇದೆ. ನಿನ್ನ ಗಂಡ ಇವತ್ತಿಗೂ ಕಲ್ಲುಗುಂಡಿನ ಹಾಗಿದಾನೆ."

ಪುಟ್ಟಗೌರಮ್ಮನವರು ಬಾಗಿಲಿನಿಂದ ಕಣ್ಣು ತೆಗೆದರು. ಆದರೂ ಅವರು ಸೋಲುವ ಹೆಂಗಸಲ್ಲ. "ಗೊತ್ತಿಲ್ಲದೆ ಆಗಿದ್ದು ಬೇರೆ. ಗೊತ್ತಿದ್ದೂ ಒಪ್ಪೋದು ಬೇರೆ. ನಾಳೆ ಈ ಕಾರು ನಮ್ಮ ಛತ್ರದ ಮುಂದೆ ಬರೋದು ಬೇಡ. ಅಕ್ಕಿ ಗಿರಣಿಯವರ ವ್ಯಾನಿಗೆ ಹೇಳ್ತೀವಿ."

"ಹೇಳ್ಕೊಳ್ಳಿ" ಎಂದೆ ನಾನು. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿತು. "ಛತ್ರ ನಿಮ್ಮದು. ಅದರ ಮುಂದಿನ ರಸ್ತೆ ಯಾರದ್ದೂ ಅಲ್ಲ."

ಅಜ್ಜಿ ಚಕ್ರದ ಬಟ್ಟೆಯನ್ನು ನನ್ನತ್ತ ಎಸೆದಳು. "ಮಾತು ಸಾಕು. ಚಕ್ರ ಉಜ್ಜು."

ಮಾರನೆಯ ದಿನ ಯಾರೂ ಕರೆಯಲು ಬರಲಿಲ್ಲ. ಮುಹೂರ್ತ ಮುಗಿದು, ಊಟದ ಪಂಕ್ತಿಗಳೆದ್ದು, ಹೆಣ್ಣು ಕಳಿಸುವ ಹೊತ್ತಿಗೆ ಅಪ್ಪ ತಾನಾಗಿ ಇಸ್ತ್ರಿ ಅಂಗಿ ತೊಟ್ಟು ಹೊರಬಂದ. ಅಜ್ಜಿ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಹಿಂದಿನ ಸೀಟಿಗೆ ಹತ್ತಿದಳು. ಮಡಿಲಲ್ಲಿ ಒಂದು ನೀರಿನ ತಂಬಿಗೆ, ಮಡಚಿದ ಸೀರೆಯ ತುಂಡು. ಸೀಟನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡಿ, "ಸ್ಪ್ರಿಂಗ್ ಇನ್ನೂ ಗಟ್ಟಿಯಾಗಿದೆ" ಎಂದಳು. ನಾನು ಅವಳ ಪಕ್ಕ ಕುಳಿತೆ.

ಛತ್ರದ ಮುಂದೆ ಗಿರಣಿಯ ವ್ಯಾನು ಚೆಂಡುಹೂವಿನ ಸರ ಹೊದ್ದು ನಿಂತಿತ್ತು. ಅಪ್ಪ ಅದರ ಹಿಂದೆ ರಸ್ತೆಯ ಅಂಚಿಗೆ ಕಾರು ನಿಲ್ಲಿಸಿದ. ಬರುವ ದಾರಿಯ ಧೂಳು ಬಾಗಿಲ ಮೇಲೆ ತೆಳ್ಳಗೆ ಕುಳಿತಿತ್ತು. ಅವಸರದಲ್ಲಿ ಅಪ್ಪ ಹೆಗಲ ಟವೆಲ್ಲಿಗೆ ಕೈ ಹಾಕಿದ.

"ಒಣ ಬಟ್ಟೆ ಬೇಡ" ಎನ್ನುತ್ತ ಅಜ್ಜಿ ಇಳಿದಳು.

ಅಷ್ಟೂ ಜನ ನೋಡುತ್ತಿದ್ದಂತೆ, ವಾದ್ಯದವರೂ ನೋಡುತ್ತಿದ್ದಂತೆ, ಅವಳು ಬಾಗಿಲ ಮೇಲಿನಿಂದ ನೀರು ಇಳಿಯಬಿಟ್ಟಳು. ಬಟ್ಟೆ ಒದ್ದೆ ಮಾಡಿ ಹಿಂಡಿ, ನೇರ ಎಳೆದಳು. ಅವಸರವಿರಲಿಲ್ಲ. ಕಾರು ಛತ್ರದ ನೆರಳಿನಲ್ಲಿದೆಯೇ ಎಂದು ಒಮ್ಮೆ ಮೇಲೆ ನೋಡಿದ್ದೂ ನನಗೆ ನೆನಪಿದೆ.

ವನಮಾಲ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲಿಳಿದು ಬಂದಳು. ಹಿಂದೆ, ಸೆರಗಿನ ಗಂಟಿಗೆ ಕಟ್ಟಿಹಾಕಿದಂತೆ, ಮದುಮಗ. ಅವಳು ವ್ಯಾನನ್ನು ದಾಟಿ ನಡೆದಳು.

"ವನೂ, ಈ ಕಡೆ" ಎಂದರು ಪುಟ್ಟಗೌರಮ್ಮ.

"ವ್ಯಾನಿನಲ್ಲಿ ಮುಖ ಕಾಣಲ್ಲ ಅತ್ತೆ" ಎಂದಳು ಅವಳು, ತಿರುಗದೆ.

ಕರಿ ಬಾಗಿಲ ಮುಂದೆ ನಿಂತು ಅವಳು ಬಾಸಿಂಗ ಸರಿಪಡಿಸಿಕೊಂಡಳು. ಪಕ್ಕಕ್ಕೆ ಸರಿಯಹೊರಟ ಅಜ್ಜಿಯನ್ನು ಮೊಣಕೈ ಹಿಡಿದು ನಿಲ್ಲಿಸಿದಳು. ಕಪ್ಪಿನೊಳಗೆ ಎರಡು ಮುಖಗಳು ಕಂಡವು. ಒಂದರ ಹಣೆಯಲ್ಲಿ ಕುಂಕುಮ, ಇನ್ನೊಂದರ ಹಣೆ ಬರಿದು. ಎರಡೂ ಕದಡಿರಲಿಲ್ಲ.

ಆಮೇಲೆ ಕೆಲವು ಮನೆಗಳವರು ನಮ್ಮನ್ನು ಕರೆಯುವುದನ್ನು ಬಿಟ್ಟರು. ಇನ್ನು ಕೆಲವರು ಯಾರು ತೊಳೆದದ್ದೆಂದು ಕೇಳದೆಯೇ ಬಂದರು. ಡಿಕ್ಕಿಯ ಮೇಲಿನ ಸುಳಿಗಳು ಹೋಗಲೇ ಇಲ್ಲ. ಅಜ್ಜಿ ಅವನ್ನು ಮುಚ್ಚಿ ಬಣ್ಣ ಬಳಿಸಲು ಬಿಡಲಿಲ್ಲ. ತೊಳೆಯುವುದು ಹೊಂಗೆ ಮರದ ಕೆಳಗೇ ನಡೆಯಿತು, ಎಂಟು ಗಂಟೆಗೆ.

ಆದರೆ ನನಗೆ ಎಲ್ಲಕ್ಕಿಂತ ಮುಂಚೆ ನೆನಪಾಗುವುದು ಆ ಮಧ್ಯಾಹ್ನ. ಮದುಮಕ್ಕಳು ಕುಳಿತ ಮೇಲೆ ಅಜ್ಜಿ ಬಾಗಿಲು ಮುಚ್ಚಿದಳು. ಮುಚ್ಚಿ, ಕೈ ತೆಗೆಯಲಿಲ್ಲ. ನೀರಿನ ತೇವವಿದ್ದ ಅಂಗೈಯನ್ನು ಬೆರಳು ಬಿಡಿಸಿ ಆ ಕಪ್ಪಿನ ಮೇಲೆ ಪೂರ್ತಿ ಊರಿದಳು. ತೆಗೆದಾಗ ಗೆರೆಗೆರೆಯೂ ಅಲ್ಲಿತ್ತು. ನಾನು ಸೆರಗಿನ ತುದಿ ಹಿಡಿದು ಒರೆಸಲು ಬಗ್ಗಿದೆ.

"ಕೈ ಹಿಂದಕ್ಕೆ" ಎಂದಳು ಅಜ್ಜಿ.

ಅಪ್ಪ ಗೇರು ಹಾಕಿದ. ಕಾರು ಪೇಟೆ ಬೀದಿಯ ನಡುವೆ, ಬಟ್ಟೆ ಅಂಗಡಿ, ಕ್ಷೌರದಂಗಡಿಗಳ ಮುಂದೆ ನಿಧಾನ ಸಾಗಿತು. ಕರಿ ಬಾಗಿಲ ಮೇಲೆ ಅವಳ ಅಂಗೈ ಊರನ್ನೆಲ್ಲ ದಾಟಿ ಹೋಯಿತು.